ಆಯ್ತು

ಸಂಜೆ ಐದೂ ಹತ್ತಕ್ಕೆ
ಕೆಳಗಿನ ಅಂಗಡಿಯಲ್ಲಿ ದಳವಿಯ ಹಿಟ್ಟಿನ ಗಿರಣಿ ಶುರುವಾಗುತ್ತದೆ.
ಕುರ್ಲಾದ ಈ ಬಿಲ್ಡಿಂಗಿನ ಹಳೇ ವೈರುಗಳು
ಒಂದು ಕ್ಷಣ ಉಸಿರು ಕಟ್ಟಿ, ಬಿಡುತ್ತವೆ.
ಆ ಕ್ಷಣದಲ್ಲಿ ನನ್ನ ಫೈಲು ಅರ್ಧ ಬರೆದಿತ್ತು.

ಅರ್ಧ ಅಂದರೆ ಅರ್ಧವೂ ಅಲ್ಲ.
ಹೆಸರಿತ್ತು, ತಾರೀಖಿತ್ತು, ಒಳಗೆ ಸೊನ್ನೆ.
ಡಬ್ಬಿಯ ಮೇಲೆ ಮೆಂತ್ಯ ಎಂದು ಚೀಟಿ,
ಮುಚ್ಚಳ ತೆಗೆದರೆ ತಗಡು.
ಜಗತ್ತಿನವರ ಹಳೆಯ ಪ್ರತಿಗಳನ್ನು ಕಾಯುವುದೇ
ನಾವು ಬರೆಯುವ ಈ ತಂತ್ರಾಂಶದ ಕಸುಬು.
ಕಾವಲುಗಾರನ ಮನೆಗೇ ಕನ್ನ.

ಡಿಸ್ಕನ್ನು ಕೇಳಿದ್ದೆ: ಬರೆದುಕೊಂಡೆಯಾ?
ಆಯ್ತು, ಅಂದಿತ್ತು.

ನಮ್ಮ ಭಾಷೆಯ ಈ ಆಯ್ತು ಇದೆಯಲ್ಲ,
ಮುಗಿಯಿತು ಎಂದೂ ಹೌದು,
ಮಾಡ್ತೀನಿ ಹೋಗು ಎಂದೂ ಹೌದು.
ಬಟ್ಟೆಗೆ ಕತ್ತರಿ ತಾಗಿಸದ ದರ್ಜಿಯ ಆಯ್ತು,
ಮೂರು ತಿಂಗಳ ಬಾಕಿ ಉಳಿಸಿಕೊಂಡ ಮೇಲ್ಮನೆಯವನ ಆಯ್ತು,
ಸುನೇತ್ರಾಗೆ ಫೋನಿನಲ್ಲಿ ನಾನೇ ಅಂದ ಆಯ್ತು.
ಡಿಸ್ಕೂ ಕನ್ನಡದಲ್ಲೇ ಅಂದಿರಬೇಕು.
ಕೊಟ್ಟದ್ದನ್ನೆಲ್ಲ ಅಂಗೈಯಲ್ಲಿ ಬಚ್ಚಿಟ್ಟು,
ತಟ್ಟೆಗೆ ಇಳಿಸದೆ,
ಆಯ್ತು.

ಮರುದಿನ ಬೆಳಿಗ್ಗೆ ಮಾಟುಂಗಾದಲ್ಲಿ
ತಿಂಡಿಗೆ ಕೂತಾಗ ಕಪ್ಪು ಹಲಗೆ ಕಣ್ಣಿಗೆ ಬಿತ್ತು.
ಎಂಟು ವರ್ಷದಿಂದ ಅಲ್ಲೇ ಇತ್ತು, ನೋಡಿರಲಿಲ್ಲ.
ಕೊಗ್ಗ ದೇವಾಡಿಗರು
ತೂಗುತ್ತಿರುವ ಹಲಗೆಯನ್ನು ಮುಟ್ಟುವುದಿಲ್ಲ.
ಅಡುಗೆಮನೆಯ ಹಿಂದೆ ಇನ್ನೊಂದಿದೆ.
ಅದರಲ್ಲಿ ಬರೆಯುತ್ತಾರೆ: ನೀರುದೋಸೆ, ಬನ್ಸ್, ಹೆಸರುಕಾಳಿನ ಉಸಲಿ.
ದರ ತಪ್ಪಿದರೆ ಒದ್ದೆ ಬಟ್ಟೆ, ಮತ್ತೆ ಬರೆ.
ಒಣಗಿತೇ ಎಂದು ಯಾರನ್ನೂ ಕೇಳುವುದಿಲ್ಲ,
ಬೆರಳಿಟ್ಟು ನೋಡುತ್ತಾರೆ.
ಆಮೇಲೆ ಒಂದೇ ಸಲಕ್ಕೆ
ಹಳೆಯದರ ಮೇಲೆ ಹೊಸದನ್ನು ತೂಗಿ
ಮೊಳೆಯನ್ನೂ ಒಮ್ಮೆ ಅಲ್ಲಾಡಿಸುತ್ತಾರೆ.
ಗಿರಾಕಿಗೆ ಕಂಡದ್ದು ನಿನ್ನೆ, ಇಲ್ಲವೇ ಇಂದು.
ಅರ್ಧ ದೋಸೆಯನ್ನು ಅಲ್ಲಿ ಯಾರೂ ಓದಿಲ್ಲ.

ಹಗಲೆಲ್ಲ ಹಾಗೇ ಬರೆದೆ.
ಪಕ್ಕದಲ್ಲೊಂದು ತಾತ್ಕಾಲಿಕ ಹೆಸರು,
ಪೂರ್ತಿ ಇಳಿಯುವವರೆಗೆ ಕಾಯುವುದು,
ಕಡೆಗೆ ಒಂದೇ ಉಸಿರಿಗೆ ಹೆಸರಿನ ಬದಲಾವಣೆ.
ಮೊಳೆ ಕೂಡ ಅಲ್ಲಾಡಿಸಿದೆ.

ಪುಣೆಯ ಸರ್ವರಿಗೆ ತಳ್ಳಿದೆ.
ಒಳಗೆ ಬಿಡಲಿಲ್ಲ.
ನಿನಗಿಂತ ಮೊದಲು ಯಾರೋ ಬಂದಿದ್ದಾರೆ, ಅಂತು.

ದಾದರಿನಲ್ಲಿ ಲೋಕಲ್ ನಿಂತಾಗ
ಇಳಿಯುವವರು ಇಳಿಯದೆ ಹತ್ತಲಾಗುವುದಿಲ್ಲ;
ಮೊದಲು ಬಂದದ್ದನ್ನು ಬರಮಾಡಿಕೊ, ಆಮೇಲೆ ನಿನ್ನ ಕಾಲು.
ಬಲವಂತಕ್ಕೂ ಒಂದು ಆಜ್ಞೆ ಇದೆ, ಗೊತ್ತು.
ಹಾಗೆ ಹತ್ತಿದವನಿಗೆ ಸೀಟು ಸಿಗುತ್ತದೆ,
ಯಾರದೋ ಒಂದು ಚಪ್ಪಲಿ
ಹಳಿಯ ಮೇಲೆ ಉಳಿಯುತ್ತದೆ.

ಎಳೆದುಕೊಂಡೆ.
ಅದೇ ಫೈಲು, ಅದೇ ಸಾಲು.
ಮೇಲೆ ನನ್ನದು, ಕೆಳಗೆ ಸುನೇತ್ರಾಳದು,
ನಡುವೆ ಸಮ ಚಿಹ್ನೆಗಳ ಬೇಲಿ.
ನಸುಕಿನ ಮೂರೂವರೆಗೆ ಬರೆದಿದ್ದಾಳೆ.
ನನ್ನದಕ್ಕಿಂತ ಆರು ಸಾಲು ಕಡಿಮೆ,
ಮೊಳೆಯನ್ನು ಅವಳೂ ಮರೆತಿಲ್ಲ.
ಟಿಪ್ಪಣಿಯಲ್ಲಿ ಇಷ್ಟೇ:
ಮಾರ್ಚ್‌ನಲ್ಲೇ ಹೇಳಿದ್ದೆ.

ಹೇಳಿದ್ದಳು.
ದೀಪ ಹೋದರೆ ಏನು ಗತಿ, ಇದೊಂದು ಸರಿಮಾಡು, ಎಂದು.
ನಾನು ಅಂದದ್ದು ನಿಮಗೆ ಗೊತ್ತೇ ಇದೆ.
ನಾಲ್ಕು ತಿಂಗಳು ಅಂಗೈಯಲ್ಲೇ ಹಿಡಿದಿದ್ದೆ.

ನನ್ನ ಸಾಲುಗಳನ್ನು ಅಳಿಸಿ
ಅವಳದನ್ನು ಉಳಿಸಿದೆ.
ಅವಳಿಗೆ ಎರಡಕ್ಷರ ಟೈಪು ಮಾಡಿದವನು
ಒರೆಸಿ, ಮತ್ತೆ ಬರೆದೆ:
ನೋಡಿದೆ. ನಿನ್ನದೇ ಇರಲಿ. ತಡ ನನ್ನದು.

ಕೆಳಗೆ ಗಿರಣಿ ಶುರುವಾಯಿತು.
ದೀಪ ಹೋಗಿ ಬಂತು.
ಏನನ್ನೂ ಕೇಳಲಿಲ್ಲ, ಬೆರಳಿಟ್ಟೆ:
ಕೀಲಿಗಳ ಮೇಲೆ ತೆಳ್ಳಗೆ
ಸಜ್ಜೆಯ ಹಿಟ್ಟು.