ಲೋಹವೆಲ್ಲ ತೆಗೆದಿಡು

ಮತಾಂಜಸ್‌ನ ಬೀದಿಗಳಲ್ಲಿ ಕರೆಂಟ್ ಹೋಗಿ ಎರಡು ಗಂಟೆ.
ಫ್ರೀಮೇಸನ್ನರ ಮಂದಿರದ ಹೊರಬಾಗಿಲಲ್ಲಿ ನಾನು,
ಕೈಯಲ್ಲೊಂದು ಮೊಂಡು ಕತ್ತಿ,
ಹಿಡಿಗೆ ಸೈಕಲ್ ಟ್ಯೂಬು ಸುತ್ತಿದ್ದು.
ಹತ್ತೊಂಬತ್ತು ವರ್ಷದಿಂದ ಹೀಗೆ
ಒಳಗಿನದನ್ನು ಹೊರಗೆ ನಿಂತು ಕಾಯುತ್ತೇನೆ.

ಇಂದು ಬಂದವನು ಓಸ್ನಿಯೆಲ್, ಬೇಕರಿಯ ಹುಡುಗ,
ಕಿವಿಯ ಮಡಿಕೆಯಲ್ಲಿ ಇನ್ನೂ ಹಿಟ್ಟು.
'ಲೋಹವೆಲ್ಲ ತೆಗೆದಿಡು' ಅಂದೆ.
ಟೋಪಿಯೊಳಗೆ ಬಿದ್ದವು: ಗಡಿಯಾರ, ಬೀಗದ ಕೈ,
ಮೂರು ನಾಣ್ಯ, ಅಮ್ಮ ಕೊರಳಿಗೆ ಹಾಕಿದ ಮರಿಯಳ ಪದಕ.
ಆಮೇಲೆ ತುಸು ತಡೆದು, ಎಡಗಾಲು ತೋರಿಸಿದ:
'ಇದರೊಳಗೊಂದು ಉಕ್ಕಿನ ಸರಳಿದೆ, ಡೋನ್ ಎವೆಲಿಯೊ,
ಮೋಟಾರ್‌ಸೈಕಲ್‌ನಿಂದ ಬಿದ್ದಾಗ ಹಾಕಿದ್ದು. ಏನು ಮಾಡಲಿ?'

ವಿಧಿಯ ಪುಸ್ತಕದಲ್ಲಿ ಇದಕ್ಕೆ ಉತ್ತರವಿಲ್ಲ.
ಸೊಲೊಮನ್ನನ ಗುಡಿ ಏಳುವಾಗ
ಸುತ್ತಿಗೆಯ ಸದ್ದೇ ಇರಲಿಲ್ಲವಂತೆ,
ಕಲ್ಲುಗಳೆಲ್ಲ ಗಣಿಯಲ್ಲೇ ಪೆಟ್ಟು ತಿಂದು ಮುಗಿಸಿ
ಒಂದರ ಮೇಲೊಂದು ಸುಮ್ಮನೆ ಬಂದು ಕೂತವಂತೆ.
ಕಬ್ಬಿಣ ಬೇಡ ಅನ್ನುವುದು ಅದಕ್ಕೆ.
ಆದರೆ ಪೆಟ್ಟೇ ಒಳಗುಳಿದವನನ್ನು ಏನು ಮಾಡುವುದು?
ನನ್ನ ಬಾಯಲ್ಲೂ ಎರಡು ಬೆಳ್ಳಿ ಹಲ್ಲು,
ಯಾರೂ ಕೇಳಿರಲಿಲ್ಲ.

'ಕುಂಟುತ್ತಲೇ ಬಾ' ಅಂದೆ.

ಕಪ್ಪು ಬಳಿದ ಆ ಪುಟ್ಟ ಕೋಣೆಯಲ್ಲಿ ಕೂರಿಸಿದೆ:
ತಲೆಬುರುಡೆ, ಚಿಟಿಕೆ ಉಪ್ಪು, ಮರಳುಗಡಿಯಾರ,
ಒಣಗಿದ ಒಂದು ತುಂಡು ರೊಟ್ಟಿ.
ಸಾವನ್ನು ನೆನೆ, ಉಯಿಲು ಬರೆ, ಅನ್ನುತ್ತದೆ ಗೋಡೆ.
ಅವನು ರೊಟ್ಟಿ ಎತ್ತಿ ಮೂಸಿದ:
'ನಮ್ಮದೇ ಇದು. ಮಂಗಳವಾರದ್ದು. ಉಪ್ಪು ಕಮ್ಮಿಯಾಗಿತ್ತು.'
ಮತ್ತೆ ಬರೆದ, ತುದಿ ಮೊಂಡಾದ ಪೆನ್ಸಿಲಿನಲ್ಲಿ:
ಹುಳಿಹಿಟ್ಟಿನ ಭರಣಿ ತಂಗಿಗೆ.
ಇನ್ನೇನೂ ಇಲ್ಲ.

ಕಣ್ಣು ಕಟ್ಟಿದೆ. ಕಟ್ಟುವುದೇ ತಾನೆ ನಮ್ಮ ಕಸುಬು,
ಗುಡಿ ಕಟ್ಟುತ್ತೇವೆ, ಮಾತು ಕಟ್ಟುತ್ತೇವೆ,
ಇಲ್ಲದ ಗುಟ್ಟಿಗೊಂದು ಗಂಟು ಕಟ್ಟುತ್ತೇವೆ.
ಬರಿಯ ಕಣ್ಕಟ್ಟು ಅನ್ನುತ್ತಾಳೆ ನನ್ನ ಹೆಂಡತಿ.
ಅವಳ ಮಾತು ಪೂರ್ತಿ ಸುಳ್ಳಲ್ಲ.
ಒಂದು ಕಾಲಿಗೆ ಚಪ್ಪಲಿ, ಒಂದು ಬರಿಗಾಲು,
ಕೊರಳಿಗೆ ಹಗ್ಗ, ಎಡಗಡೆ ತೆರೆದ ಅಂಗಿ.
ಕತ್ತಲೊಳಗಿಂದ ಹುಡುಗ ಹೇಳಿದ:
'ಹಿಟ್ಟಿನ ಮೇಲೂ ಹೀಗೇ ಬಟ್ಟೆ ಹೊದಿಸುತ್ತೇವೆ.'

ಮೂರು ಬಡಿತ. ಬಾಗಿಲು ಅವನನ್ನು ತೆಗೆದುಕೊಂಡಿತು.

ಹೊರಗೆ ಸೊಳ್ಳೆ. ಕೊಲ್ಲಿಯ ಕಡೆಯಿಂದ ಉಪ್ಪುಗಾಳಿ.
ಒಳಗೆ ಅವನ ಹೆಜ್ಜೆ ಕೇಳುತ್ತಿತ್ತು,
ಒಂದು ಗಟ್ಟಿ, ಒಂದು ಮೆತ್ತಗೆ,
ಕಪ್ಪು ಚೌಕ, ಬಿಳಿ ಚೌಕ, ಕಪ್ಪು, ಬಿಳಿ.
ಕಾಡುಗಲ್ಲಿಗೆ ಮೂರು ಏಟು ಹೊಡೆಸಿದರು,
ಪಕ್ಕದಲ್ಲೇ ಇರುವ ನುಣುಪು ಸೈಜುಗಲ್ಲನ್ನು ಮುಟ್ಟಿಸಿದರು.
ನಡುವೆ ಎಷ್ಟು ವರ್ಷ ಅಂತ ಅಲ್ಲಿ ಯಾರೂ ಹೇಳುವುದಿಲ್ಲ.
ನಾನಿನ್ನೂ ಮೂಲೆಮಟ್ಟ ಹಿಡಿದು ನೋಡಿಕೊಳ್ಳುತ್ತೇನೆ,
ಒಂದು ಕಡೆ ಕೂತರೆ ಇನ್ನೊಂದು ಕಡೆ ಸಂದು.

ಸೆಕೆಗೆ ಕಿಟಕಿ ತೆರೆದಿಟ್ಟಿದ್ದರು, ಇಡಬಾರದಿತ್ತು.
'ಇವನಿಗೇನು ಬೇಕು?' ಗುರುಪೀಠದ ದನಿ.
'ಬೆಳಕು!' ಎಂದರು ಒಳಗೆ ಎಲ್ಲರೂ.
ಎದುರು ಮನೆಯ ಮೆಟ್ಟಿಲ ಮೇಲೆ
ಬೀಸಣಿಗೆ ಹಿಡಿದಿದ್ದ ಮಿಗ್ದಾಲಿಯಾ ಕೂಗಿದಳು:
'ನಮಗೂ!'

ಬೀದಿಯೆಲ್ಲ ನಕ್ಕಿತು. ಒಳಗೂ ನಕ್ಕರೇನೋ,
ಅರೆಗಳಿಗೆ ಮೌನ ಬೇರೆ ಥರ ಇತ್ತು.

ನನ್ನ ಕಟ್ಟು ಬಿಚ್ಚಿದ ದಿನ ಮೊದಲು ಕಂಡದ್ದು
ನನಗೆ ಹಣ ಕೊಡಬೇಕಿದ್ದ ದರ್ಜಿಯ ಮುಖ.
ಕತ್ತಿಯ ಮೊನೆ ನನ್ನೆದೆಗಿಟ್ಟು ಅವನೇ ನಡುಗುತ್ತಿದ್ದ.
ಬೆಳಕೆಂದರೆ ಇಷ್ಟೇ ಅಂದುಕೊಂಡೆ.
ಈಗಲೂ ಹೆಚ್ಚೇನೂ ತಿಳಿದಿಲ್ಲ.
ಸಾಲದ ಚೀಟಿ ಮಾತ್ರ ಅಂದೇ ಹರಿದೆ.

ಹೊರಬಂದ ಓಸ್ನಿಯೆಲ್‌ಗೆ ಟೋಪಿ ಕೊಟ್ಟೆ.
ಪದಕ ಮೊದಲು ಹಾಕಿಕೊಂಡ, ನಾಣ್ಯ ಎಣಿಸಲಿಲ್ಲ.
ಉಯಿಲನ್ನು ಕತ್ತಿಯ ತುದಿಗೆ ಚುಚ್ಚಿ ಸುಟ್ಟರಂತೆ.
'ಭರಣಿ ಈಗ ಯಾರದು?' ಅಂತ ಕೇಳಿದ.
ನಾಲ್ಕಕ್ಕೆ ಒಲೆ ಹಚ್ಚಬೇಕು ಅಂತ ಕುಂಟುತ್ತ ಹೋದ.

ಕರೆಂಟ್ ಬರಲಿಲ್ಲ.
ಬಾಗಿಲಿಗೆ ಬೀಗ ಹಾಕಿ, ಕಣ್ಣಿನ ಬಟ್ಟೆ ಮಡಚುವಾಗ
ಕಂಡಿತು, ಎರಡು ಕಡೆ ಹಿಟ್ಟಿನ ಗುರುತು.
ಒಗೆಯಲು ಹಾಕಲಿಲ್ಲ.