ಪರಿಶೀಲನೆಯಲ್ಲಿದೆ

ದಾಖಲೆ ಕೋಣೆಯ ಗೆದ್ದಲಿಗೆ
ತೀರ್ಪೂ ಒಂದೇ, ತಕರಾರೂ ಒಂದೇ.
ಅದು ತಿಂದು ಬಿಟ್ಟದ್ದನ್ನು ಹೊಲಿದು ಕೊಡುವವ ನಾನು:
ದಬ್ಬಣ, ಮೇಣ ತಿಕ್ಕಿದ ನೂಲು,
ಮೈದಾ ಅಂಟಿಗೆ ಒಂದು ಚಿಟಿಕೆ ಮೈಲುತುತ್ತು.
ಮಂಗಳೂರು ಕೋರ್ಟಿನ ಹಿಂದಿನ ಆ ಕೋಣೆಯಲ್ಲಿ
ಮಧ್ಯಾಹ್ನದ ಸೆಕೆಗೆ ಕೈಗೆ ಸಿಕ್ಕಿದವರು
ವಕೀಲ ಮರೋಳಿ ಸಾಂತಪ್ಪಯ್ಯ.
ಎಪ್ಪತ್ತೆರಡರಲ್ಲಿ ಸನ್ನದು,
ತೊಂಬತ್ತಾರರಲ್ಲಿ ಮದ್ರಾಸಿನ ಶಾಸನಸಭೆ.
ನಮ್ಮ ಎಪ್ಪತ್ತೆರಡಲ್ಲ ಮಾರಾಯ್ರೆ,
ಅದರ ಹಿಂದಿನ ನೂರರದ್ದು.

ಫೀಸಿನ ಪುಸ್ತಕದ ಮೊದಲ ಸಾಲು:
"ಹೇಂಟೆ ಒಂದು, ಹುರುಳಿ ಎರಡು ಸೇರು. ಬಾಕಿ ಇಲ್ಲ."
ತಿನ್ನುವ ಮನೆತನವಲ್ಲ; ಮಾರಿದರೆ ಕಕ್ಷಿಗಾರನಿಗೆ ಬೇಸರ.
ಹೇಂಟೆ ಆಫೀಸಿನ ಜಗಲಿಯಲ್ಲೇ
ಮುನ್ಸೀಫರು ಮೂವರು ವರ್ಗವಾಗಿ ಹೋಗುವವರೆಗೆ ಬದುಕಿತಂತೆ.
ಗುಮಾಸ್ತ ಐತಪ್ಪ ಅಂಚಿನಲ್ಲಿ ಬರೆದಿಟ್ಟಿದ್ದಾನೆ,
ಮೊಟ್ಟೆಯ ಲೆಕ್ಕದ ಸಮೇತ.

ಆಮೇಲೆ ಮೂಲಗೇಣಿ, ಚಾಲಗೇಣಿ, ಅಳಿಯಸಂತಾನದ ಪಾಲುಪಟ್ಟಿ,
ಗಡಿಯ ತೆಂಗಿನಮರವೊಂದು ಯಾರದ್ದೆಂದು ಹನ್ನೊಂದು ವರ್ಷ.
ಕಕ್ಷಿಗಾರರೊಡನೆ ತುಳು, ಅರ್ಜಿಗೆ ಕನ್ನಡ,
ಮನೆಯಲ್ಲಿ ಕೊಂಕಣಿ, ದೊರೆಗಳೆದುರು ಇಂಗ್ಲಿಷು.
ಯಾವುದರಲ್ಲಿ ಕನಸು ಕಂಡರೋ ಫೈಲಿನಲ್ಲಿಲ್ಲ.

ಉಳ್ಳಾಲದ ತನಿಯಾರು ಬಂದದ್ದು ಆಟಿ ತಿಂಗಳಲ್ಲಿ.
ಗಂಡ ಒಂದು ರಾತ್ರಿ ಅಳಿವೆಯಲ್ಲಿ ದೋಣಿ ಸಮೇತ ಹೋದ.
ದೋಣಿಯ ಧಣಿ ಇವಳ ಮೇಲೆ ದಾವೆ ಹೂಡಿದ:
ಮರಕ್ಕೆ ನಲವತ್ತು ರೂಪಾಯಿ, ಹಾಯಿಗೆ ಆರು.
ಗಂಡನಿಗೆ ಯಾರೂ ಕ್ರಯ ಕಟ್ಟಲಿಲ್ಲ.
ಸಾಂತಪ್ಪಯ್ಯ ಎರಡು ದಿನ ವಾದಿಸಿ ಸೋತರು.
ತೀರ್ಪಿನ ನಕಲಿನ ಬೆನ್ನಿಗೆ, ಸೀಸದ ಕಡ್ಡಿಯಲ್ಲಿ,
"ದೀಪ ಇದ್ದಿದ್ದರೆ?"

ಸಭೆಗೆ ಹೋದದ್ದು ಆ ಒಂದು ಸಾಲಿನಿಂದಲೇ
ಎನ್ನಲು ನನಗೆ ಆಸೆ. ಹೇಳಲಾರೆ.
ಶಾಲು, ಪೇಟ, ಕಲೆಕ್ಟರರ ಮನೆಯ ಚಹಾ,
ಇವುಗಳ ಆಸೆಯೂ ಇದ್ದೀತು.
ಮಂಜಿಯಲ್ಲಿ ಕಲ್ಲಿಕೋಟೆಗೆ,
ದಾರಿಯುದ್ದ ವಾಂತಿ, ವಾಂತಿಯ ನಡುವೆ ಭಾಷಣ ಬಾಯಿಪಾಠ,
ಅಲ್ಲಿಂದ ರೈಲು.
ಕುಮ್ಕಿಯ ಸೊಪ್ಪು ಕಡಿದವರಿಗೆ ದಂಡ ಹಾಕುವ ಮಸೂದೆಗೆ
ಇವರೂ ಕೈ ಎತ್ತಿದರು.
ಆ ಹಾಳೆಯನ್ನು ಗೆದ್ದಲು ಮುಟ್ಟಿಲ್ಲ.

ಮೂರು ವರ್ಷದಲ್ಲಿ ಕೇಳಿದ ಪ್ರಶ್ನೆ ಒಂದೇ:
ನೇತ್ರಾವತಿಯ ಅಳಿವೆಗೆ ದೀಪ ಯಾವಾಗ?
ಉತ್ತರ: ಪರಿಶೀಲನೆಯಲ್ಲಿದೆ.
ಅಚ್ಚಿನಲ್ಲಿ ಅವರ ಹೆಸರು ತಪ್ಪು,
ನದಿಯದ್ದೂ ತಪ್ಪು.

ಕೊನೆಗೆ ಉಳಿದದ್ದು ಹಳೆಯ ವಕಾಲತ್ತು ಕಾಗದ.
ಸಹಿ ಬಾರದ ತನಿಯಾರು ಹಾಕಿದ ಗುರುತು:
ಒಂದು ಅಡ್ಡ ಗೀರು, ಅದರ ಮೇಲೆ ನೆಟ್ಟಗೆ ಇನ್ನೊಂದು.
ದೋಣಿಯೂ ಇರಬಹುದು.
ಹೊಲಿಗೆ ಸರಿಯಾಗಿ ಅದರ ಮೇಲೆಯೇ ಬೀಳುತ್ತಿತ್ತು.
ದಬ್ಬಣವನ್ನು ಅರ್ಧ ಬೆರಳು ಆಚೆ ಸರಿಸಿದೆ.
ಪುಸ್ತಕ ಸ್ವಲ್ಪ ಓರೆಯಾಗಿದೆ.
ಇರಲಿ, ಕೇಳಿದರೆ ಕಣ್ಣು ಮಂಜು ಎಂದು ಹೇಳುತ್ತೇನೆ.