ಆರು ಬಾಗಿಲು ಆಚೆ

ಹದಿನಾಲ್ಕರಿಂದ ಇಪ್ಪತ್ತಾರಕ್ಕೆ. ಬೀದಿಯ ಈ ಮಗ್ಗುಲಲ್ಲಿ
ಸರಿಸಂಖ್ಯೆಗಳಷ್ಟೇ. ಅಂದರೆ ಆರೇ ಬಾಗಿಲು.
"ಇಷ್ಟಕ್ಕೆ ಅರ್ಜಿ ಯಾಕೆ ಎಫಿ, ದುಡ್ಡು ದಂಡ,
ನಾಲ್ಕು ಹೆಜ್ಜೆ ಜಾಸ್ತಿ ನಡೆದರಾಯಿತು ನಾನು"
ಎಂದೆ, ಹೆಗಲ ಚೀಲ ಇಳಿಸುತ್ತ.
ಲರ್ವಿಕ್ಕಿನ ಗಾಳಿಗೆ ಅಂಚೆಮನೆಯ ಕದ ಬಡಿದುಕೊಳ್ಳುತ್ತಿತ್ತು.
ಅವಳು ತಲೆಯೆತ್ತಲಿಲ್ಲ. ದಾರ ಕಟ್ಟಿದ ಪೆನ್ನಿನಲ್ಲಿ
ಒತ್ತಿ ಒತ್ತಿ ಬರೆದಳು: ಹಳೆಯ ವಿಳಾಸ, ಹೊಸ ವಿಳಾಸ.

ಕೆಳಗೆ ಎರಡು ಚೌಕ.
ಮನೆಮಂದಿಯೆಲ್ಲ.
ಒಬ್ಬರು ಮಾತ್ರ.

ಅಲ್ಲಿ ನಿಂತಿತು ಪೆನ್ನು.
ಹಿಂದಿನ ಸಾಲಿನಲ್ಲಿ ಯಾರೋ ಕೆಮ್ಮಿದರು.
ಊರಿಗೆ ಊರೇ ತಿಳಿದೂ ಬಾಯಿಬಿಡದೆ
ಹವಾಮಾನ ಮಾತಾಡುತ್ತಿದ್ದ ಸಂಗತಿಗೆ
ಅವಳೊಂದು ಗೀಟೆಳೆದಳು.

ಆಮೇಲೆ ಎಲ್ಲ ಸುಸೂತ್ರ. ಹೆಣಿಗೆ ಪತ್ರಿಕೆ,
ಹಲ್ಲಿನ ಡಾಕ್ಟರ ತಾಕೀತು ಇಪ್ಪತ್ತಾರಕ್ಕೆ;
ದೋಣಿಯ ವಿಮೆ, ಗಡಿಯಾರದ ಜಾಹೀರಾತು ಹದಿನಾಲ್ಕಕ್ಕೆ.

ಮಾರ್ಚಿಯಲ್ಲಿ ಬಂತೊಂದು ದಪ್ಪ ಲಕೋಟೆ:
ಶ್ರೀ ಮತ್ತು ಶ್ರೀಮತಿ ಟಲ್ಲಕ್.
ನಿಯಮ ಏನೋ ಇದೆ, ನನಗೆ ನೆನಪಾಗಲಿಲ್ಲ.
ಇಪ್ಪತ್ತರ ಮುಂದೆ, ನಟ್ಟ ನಡುವೆ,
ಆಲಿಕಲ್ಲಿಗೆ ಕುತ್ತಿಗೆ ಕೊಟ್ಟು ನಿಂತೆ.

ಏಪ್ರನ್ನಿನಲ್ಲೇ ಹೊರಬಂದಳು ಎಫಿ.
ಒಡೆದಳು. ಅನ್‌ಸ್ಟಿನಲ್ಲಿ ಅವನ ಅಣ್ಣನ ಮಗಳ ಮದುವೆ.
ಎರಡು ಸಲ ಓದಿ, ನಾಲಿಗೆಯಿಂದ ತೇವ ಮಾಡಿ
ಮತ್ತೆ ಒತ್ತಿದಳು, ಮೊಣಕಾಲ ಮೇಲಿಟ್ಟು.
ಹಿಡಿಯಲೊಲ್ಲದು ಅಂಟು.

"ಕೊಡು ಅವನಿಗೆ.
ಒಡೆದೇ ಬಂದಿತ್ತು ಅನ್ನು."